ಟೊಮ್ಯಾಟೊ ಸಾಸ್: ಮೂರನೇ ಸಲಕ್ಕೆ ಸರಿಯಾಯ್ತು

ಪಾಸ್ತಾಗೆ ಹಾಕೋ ಟೊಮ್ಯಾಟೊ ಸಾಸ್, ಇದು ಮೂರನೇ ಸಲ ಮಾಡ್ತಿರೋದು. ಮೊದಲೆರಡು ಸಲದ್ದೂ ಶೂಟ್ ಮಾಡಿಟ್ಟಿದ್ದೆ, ಅದನ್ನೂ ಅಲ್ಲಲ್ಲಿ ಸೇರಿಸಿದೀನಿ, ಯಾಕಂದ್ರೆ ಎಲ್ಲಿ ತಪ್ಪಾಯ್ತು ಅಂತ ಕಣ್ಣಾರೆ ನೋಡಿದ್ರೇನೆ ತಲೆಗೆ ಹೋಗೋದು.

ನೋಡಿ, ಇದು ಮೊದಲನೇ ಸಲದ್ದು. ಪ್ಲೇಟ್ ತುಂಬ ಕೆಂಪು ನೀರು ನಿಂತಿದೆ, ಪಾಸ್ತಾ ಒಂದ್ಕಡೆ ಸಾಸ್ ಒಂದ್ಕಡೆ. ಟೊಮ್ಯಾಟೊದಲ್ಲಿ ನೂರಕ್ಕೆ 94ರಷ್ಟು ನೀರೇ ಇರುತ್ತೆ, ಸಾಸ್ ಮಾಡೋದು ಅಂದ್ರೆ ಮುಕ್ಕಾಲು ಪಾಲು ಆ ನೀರನ್ನ ಹೊರಗೆ ಕಳ್ಸೋ ಕೆಲ್ಸ. ನಾನು ಆಳದ ಪಾತ್ರೆ ಇಟ್ಟು ಮುಚ್ಚಳನೂ ಮುಚ್ಚಿದ್ದೆ, ಆವಿ ಮೇಲೆ ಹೋಗಿ ಮುಚ್ಚಳಕ್ಕೆ ತಾಗಿ ತೊಟ್ಟು ತೊಟ್ಟಾಗಿ ಮತ್ತೆ ಅದ್ರೊಳಗೇ ಬೀಳ್ತಿತ್ತು. ಈ ಸಲ ಅಗಲದ ಬಾಣಲೆ, ಮುಚ್ಚಳ ಇಲ್ಲ.

ಟೊಮ್ಯಾಟೊ ಒಂದು ಕೆಜಿ, ಉದ್ದುದ್ದ ಇರೋ ಜಾತಿದು. ಇದ್ರಲ್ಲಿ ತಿರುಳು ಜಾಸ್ತಿ, ಬೀಜ ಕಮ್ಮಿ. ಇಟಲಿಯ ನೇಪಲ್ಸ್ ಹತ್ರ ಬೆಳೆಯೋ ಸಾನ್ ಮಾರ್ಜಾನೊ ಅನ್ನೋ ಟೊಮ್ಯಾಟೊ, ಸಾಸ್‌ಗೆ ಅಷ್ಟು ಹೆಸರು ಮಾಡಿರೋದಕ್ಕೆ ಇದೂ ಒಂದು ಕಾರಣ. ತಳದಲ್ಲಿ ಚಾಕುವಿಂದ ಒಂದು ಗೀರು, ಅದಕ್ಕೆ ಅಡ್ಡ ಇನ್ನೊಂದು, ಕುದಿಯೋ ನೀರಲ್ಲಿ 30 ರಿಂದ 60 ಸೆಕೆಂಡು, ತೆಗೆದ ತಕ್ಷಣ ಐಸ್ ನೀರಿಗೆ. ಆ ಗೀರಿನ ಹತ್ರ ಸಿಪ್ಪೆ ತಾನಾಗೇ ಸುರುಳಿ ಸುತ್ಕೊಳ್ಳುತ್ತೆ, ತುದಿ ಹಿಡಿದು ಎಳೆದ್ರೆ ಸಾಕು. ಈ ಕೆಲ್ಸ ನಂಗೆ ತುಂಬಾ ಇಷ್ಟ ಆಯ್ತು.

ಈಗ ಬೆಳ್ಳುಳ್ಳಿ. ಎರಡನೇ ಸಲ ಕೆಟ್ಟಿದ್ದು ಇಲ್ಲೇ. ಎಣ್ಣೆ ಚೆನ್ನಾಗಿ ಕಾಯಿಸಿ ಹಾಕಿದ್ದೆ, ಆ ಕಡೆ ತಿರುಗಿ ಈ ಕಡೆ ನೋಡೋಷ್ಟರಲ್ಲಿ ಕಂದು ಬಣ್ಣ, ಪರವಾಗಿಲ್ಲ ಅಂತ ಹಾಗೇ ಟೊಮ್ಯಾಟೊ ಸುರಿದೆ, ಇಡೀ ಸಾಸ್ ಕಹಿ. ಸಕ್ಕರೆ ಹಾಕಿದ್ರೂ ಆ ಕಹಿ ಹೋಗಲ್ಲ. ಬೆಳ್ಳುಳ್ಳಿ ಸೀದ್ರೆ ಚೆಲ್ಲಿ ಹೊಸದಾಗಿ ಶುರು ಮಾಡಿ, ನಾಲ್ಕು ಎಸಳಿಗೋಸ್ಕರ ಒಂದು ಕೆಜಿ ಟೊಮ್ಯಾಟೊ ಹಾಳು ಮಾಡ್ಬೇಡಿ. ಈ ಸಲ ತಣ್ಣಗಿರೋ ಆಲಿವ್ ಎಣ್ಣೆಗೇ ಬೆಳ್ಳುಳ್ಳಿ ಹಾಕಿ ಆಮೇಲೆ ಸ್ಟವ್ ಹಚ್ಚಿದೀನಿ, ಸಣ್ಣ ಉರಿ. ಅಂಚು ಹೊಂಬಣ್ಣಕ್ಕೆ ತಿರುಗೋಕೆ ಶುರುವಾದ ಕೂಡ್ಲೇ ಕೈಯಲ್ಲೇ ಹಿಸುಕಿದ ಟೊಮ್ಯಾಟೊ ಒಳಗೆ.

ಇಲ್ಲಿಂದ ಸುಮಾರು 40 ನಿಮಿಷ. ಸೌಂಡ್ ಹಾಗೇ ಬಿಟ್ಟಿದೀನಿ, ಕೇಳಿ. ಶುರುವಲ್ಲಿ ಗಳಗಳ ಅಂತ ತೆಳ್ಳಗಿನ ಕುದಿ, ಆಮೇಲೆ ಒಂದೊಂದೇ ದಪ್ಪ ಗುಳ್ಳೆ ಎದ್ದು ಪೊಳಕ್ ಪೊಳಕ್ ಅಂತ ಒಡೆಯುತ್ತೆ. ಆಗ ಅಲ್ಲಾಡ್ಬಾರ್ದು, ಪಕ್ಕದಲ್ಲೇ ನಿಂತ್ಕೊಂಡು ಕೈಯಾಡಿಸ್ತಾ ಇರ್ಬೇಕು, ಇಲ್ಲಾಂದ್ರೆ ತಳ ಹಿಡಿಯುತ್ತೆ. ಸೌಟಲ್ಲಿ ಹೀಗೆ ಎಳೆದಾಗ ದಾರಿ ಒಂದು ಕ್ಷಣ ಹಾಗೇ ನಿಂತು ನಿಧಾನಕ್ಕೆ ಮುಚ್ಕೊಳ್ತಿದೆಯಲ್ಲ, ಅಂಚಲ್ಲಿ ಎಣ್ಣೆನೂ ಬಿಟ್ಟಿದೆ, ಆಯ್ತು ಅಂತ ಅರ್ಥ. ಉಪ್ಪು ಈಗ ನೋಡ್ಕೊಂಡು ಹಾಕಿ, ಮೊದಲೇ ಸರಿಯಾಗಿ ಹಾಕಿಬಿಟ್ರೆ ಸಾಸ್ ಬತ್ತಿದ ಮೇಲೆ ಜಾಸ್ತಿ ಆಗುತ್ತೆ. ತುಂಬಾ ಹುಳಿ ಇದ್ರೆ ಮಾತ್ರ ಒಂದು ಚಿಟಿಕೆ ಸಕ್ಕರೆ.

ಪಾಸ್ತಾನ ಪ್ಯಾಕೆಟ್ ಮೇಲೆ ಹೇಳಿರೋದಕ್ಕಿಂತ ಎರಡು ನಿಮಿಷ ಮುಂಚೆನೇ ತೆಗೆದು ಸೀದಾ ಸಾಸ್‌ಗೆ ಹಾಕ್ತೀನಿ, ಜೊತೆಗೆ ಅದು ಬೆಂದ ನೀರು ಒಂದು ಸೌಟು. ಇಷ್ಟೊತ್ತು ನೀರು ಹೋಗ್ಲಿ ಅಂತ ಕಾದು ಈಗ ಮತ್ತೆ ನೀರಾ ಅಂತ ನಂಗೂ ಅನ್ಸಿತ್ತು. ಆದ್ರೆ ಈ ನೀರಲ್ಲಿ ಪಾಸ್ತಾ ಬಿಟ್ಟಿರೋ ಪಿಷ್ಟ ಇರುತ್ತೆ, ಎಣ್ಣೆ ನೀರು ಎರಡನ್ನೂ ಸೇರಿಸಿ ಹಿಡಿದಿಡೋದು ಅದೇ. ಜೋರು ಉರಿಯಲ್ಲಿ ಎರಡು ನಿಮಿಷ ಚೆನ್ನಾಗಿ ತಿರುಗಿಸಿ, ಹೊಳಪು ಬರುತ್ತೆ. ಸ್ಟವ್ ಆಫ್ ಮಾಡಿ, ಬೇಸಿಲ್ ಎಲೆ ಹರಿದು ಹಾಕಿ.

ಪ್ಲೇಟನ್ನ ಸ್ವಲ್ಪ ಓರೆ ಮಾಡಿ ತೋರಿಸ್ತೀನಿ. ನೋಡಿ, ಒಂದು ಹನಿ ನೀರೂ ಹರೀತಿಲ್ಲ.