ಸೂರ್ಯ ಸರಿಯಾಗಿ ಪೂರ್ವಕ್ಕೆ ಹುಟ್ಟೋದು ವರ್ಷಕ್ಕೆ ಎರಡೇ ಸಲ

ಎಲ್ರಿಗೂ ನಮಸ್ಕಾರ. ಸೂರ್ಯ ಎಲ್ಲಿ ಹುಟ್ತಾನೆ ಅಂದ್ರೆ ಮುಂದೆ ಕೂತಿರೋ ಮಕ್ಕಳೆಲ್ಲ ಪೂರ್ವ ಅಂದ್ರಿ. ನಾನು ಕ್ಲಾಸಲ್ಲಿ ಬಡ್ಕೊಂಡು ಬಂದಿರೋದೇ ಇದು, ಸರಿಯಾಗಿ ಪೂರ್ವಕ್ಕೆ ಹುಟ್ಟೋದು ಮಾರ್ಚ್ 20-21ರ ಹೊತ್ತಿಗೆ ಒಂದ್ಸಲ, ಸೆಪ್ಟೆಂಬರ್ 22-23ರ ಹೊತ್ತಿಗೆ ಒಂದ್ಸಲ, ಅಷ್ಟೇ.

ಮಂಡ್ಯದ ಹತ್ರ ನಮ್ಮ ಅಜ್ಜಿ ಊರು. ತಾತ ಮನೆ ಕಟ್ಟಿಸೋವಾಗ ಬಾಗ್ಲು ಪೂರ್ವಕ್ಕೇ ಇರ್ಬೇಕು ಅಂದ್ರಂತೆ. ಮೇಸ್ತ್ರಿ ಏನ್ಮಾಡ್ದ, ಮೇ ತಿಂಗಳಲ್ಲಿ ಒಂದಿನ ಬೆಳಿಗ್ಗೆ ಬಂದು, ಕಬ್ಬಿನ ಗದ್ದೆ ಆಚೆ ಸೂರ್ಯ ಎದ್ದ ಕಡೆಗೆ ನೇರ ಎರಡು ಗೂಟ ಹೊಡೆದು ದಾರ ಕಟ್ಟಿ ಪಾಯ ತೆಗೆಸೇ ಬಿಟ್ಟ. ಮೇ 20ರ ಸುಮಾರಿಗೆ ಸೂರ್ಯ ಪೂರ್ವದಿಂದ ಇಪ್ಪತ್ತು ಡಿಗ್ರಿ ಉತ್ತರಕ್ಕೆ ಸರಿದಿರ್ತಾನೆ, ಮನೆನೂ ಅಷ್ಟೇ ತಿರುಗಿ ನಿಂತಿದೆ. ಆದ್ರೆ ಆ ದಿನಗಳಲ್ಲಿ ಬೆಳಿಗ್ಗೆ ಬಿಸಿಲು ಹೊಸ್ತಿಲು ದಾಟಿ, ಪಡಸಾಲೆ ದಾಟಿ, ದೇವರ ಗೂಡಲ್ಲಿರೋ ಹಿತ್ತಾಳೆ ದೀಪದ ಮೇಲೆ ಬೀಳ್ತಿತ್ತು, ಗೋಡೆ ತುಂಬ ಹಳದಿ ಬೆಳಕು ಅಲುಗಾಡ್ತಿತ್ತು. ಅಜ್ಜಿ ಹೇಳೋರು, "ಸೂರಪ್ಪ ವರ್ಷಕ್ಕೆ ಎರಡೇ ಕಿತ ಒಳೀಕೆ ಬರೋದು ಕಣಪ್ಪ, ಹೋಗ್ತಾ ಒಂದು ಕಿತ, ಬತ್ತಾ ಒಂದು ಕಿತ". ಎರಡನೇದು ಜುಲೈ ಕೊನೆಗೆ, ಮೋಡ ಇದ್ರೆ ಅದೂ ಇಲ್ಲ.

ಅಜ್ಜಿ ಹೇಳಿದ ಆ ಹೋಗ್ತಾ ಬರ್ತಾ ಅನ್ನೋದರಲ್ಲೇ ಎಲ್ಲಾ ಇದೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿ ಸಂಜೆ ನಂದಿ ಕೊಂಬಿನ ನಡುವೆ ಬಿಸಿಲು ಬಂದು ಲಿಂಗ ಮುಟ್ಟೋದನ್ನ ಟಿವಿಲಿ ನೋಡಿರ್ತೀರಿ. ಅದೇ ಜಾಗಕ್ಕೆ ಸೂರ್ಯ ನವೆಂಬರ್ ಕೊನೇಲೂ ಬಂದಿರ್ತಾನೆ, ಹೋಗ್ತಾ!

ಕಾರಣ ನಿಮಗೆ ಗೊತ್ತಿರೋದೇ, ಭೂಮಿ 23.5 ಡಿಗ್ರಿ ವಾಲಿಕೊಂಡೇ ಸೂರ್ಯನ ಸುತ್ತ ಹೋಗುತ್ತೆ. ಮೈಸೂರಲ್ಲಿ ಉದಯದ ಜಾಗ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ, ದಕ್ಷಿಣಕ್ಕೂ ಅಷ್ಟೇ ಓಡಾಡುತ್ತೆ. ಕೈ ನೀಟಾಗಿ ಚಾಚಿ ಮುಷ್ಟಿ ಹಿಡೀರಿ, ಅದು ಹತ್ತು ಡಿಗ್ರಿ, ಅಂದ್ರೆ ಈ ತುದಿಯಿಂದ ಆ ತುದಿಗೆ ಹತ್ರತ್ರ ಐದು ಮುಷ್ಟಿ. ಕುವೆಂಪುನಗರದ ಕಡೆಯವರು ಟೆರೇಸ್ ಹತ್ತಿದ್ರೆ ಡಿಸೆಂಬರಲ್ಲಿ ಸೂರ್ಯ ಚಾಮುಂಡಿಬೆಟ್ಟದ ಕಡೆ ಏಳ್ತಾನೆ, ಜೂನಲ್ಲಿ ಬೆಟ್ಟ ಬಿಟ್ಟು ಎಡಕ್ಕೆ ಎಷ್ಟೋ ದೂರ ಹೋಗಿರ್ತಾನೆ. ಮಾರ್ಚಲ್ಲಿ ದಿನಕ್ಕೆ ಹೆಚ್ಚುಕಮ್ಮಿ ತನ್ನ ಅಗಲದಷ್ಟೇ ಜರುಗ್ತಾನೆ, ತುದಿಗೆ ಬಂದಾಗ ಮಾತ್ರ ಒಂದು ವಾರ ನಿಂತೇ ಬಿಟ್ಟ ಅನ್ಸುತ್ತೆ, ಆ ತುದಿಗಳಿಗೆ ಮಾತ್ರ ಹೋಗ್ತಾ ಬರ್ತಾ ಇಲ್ಲ, ವರ್ಷಕ್ಕೆ ಒಂದೇ ಸಲ.

ಚೀಟಿ ಬಂತು, ಐದು ನಿಮಿಷ ಅಂತೆ. ಏಪ್ರಿಲ್ 22ರ ಆಸುಪಾಸು ಮಧ್ಯಾಹ್ನ ನಮ್ಮ ನೆರಳು ಕಾಲಡಿಗೇ ಬರೋದು, ಆಮೇಲೆ ಆಗಸ್ಟ್‌ವರೆಗೂ ದಕ್ಷಿಣಕ್ಕೆ ಬೀಳೋದು, ಅದನ್ನ ಇನ್ನೊಂದ್ಸಲ ಮಾತಾಡೋಣ. ಹಗಲು ಜೂನಲ್ಲಿ ಡಿಸೆಂಬರಿಗಿಂತ ಒಂದೂವರೆ ಗಂಟೆ ಹತ್ರತ್ರ ಜಾಸ್ತಿ, ಅದೂ ಇದಕ್ಕೇ ಸೇರಿದ್ದು.

ಮಕ್ಕಳೇ, ನಾಳೆಯಿಂದ ಕಿಟಕಿಯಿಂದ ಕಾಣೋ ಒಂದು ತೆಂಗಿನಮರಾನೋ ನೀರಿನ ಟ್ಯಾಂಕನ್ನೋ ಗುರುತು ಇಟ್ಕೊಳ್ಳಿ, ವಾರಕ್ಕೊಂದ್ಸಲ ಸೂರ್ಯ ಎದ್ದ ಜಾಗ ನೋಟ್‌ಬುಕ್ಕಲ್ಲಿ ಬರೀರಿ. ಸಂಜೆದು ಬೇಕು ಅಂದ್ರೆ ಕುಕ್ಕರಹಳ್ಳಿ ಕೆರೆ ಏರಿಗೆ ಬನ್ನಿ, ಭಾನುವಾರ ನಾನು ಅಲ್ಲೇ ಇರ್ತೀನಿ.