ಗುಡ್ಡದ ದಾರಿಗೆ ಒಪ್ಪುವ ಬೆನ್ನುಚೀಲ

ಕೇಳುಗರಿಗೆ ನಮಸ್ಕಾರ.

ದೀಪಾವಳಿ ಮುಗಿದು, ಎರೆಹೊಲದಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರಕ್ಕೆ ಬಂದ ಈ ದಿನಗಳಲ್ಲಿ ಬಾದಾಮಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತರೆ, ಬೆನ್ನಿಗೆ ಚೀಲ ಹಾಕಿಕೊಂಡು ಗುಡ್ಡದ ಕಡೆಗೆ ಹೊರಟ ಹುಡುಗ ಹುಡುಗಿಯರ ಗುಂಪುಗಳು ಕಣ್ಣಿಗೆ ಬೀಳುತ್ತವೆ. ಸಿಡಿಲಪಡಿಗೆ, ಮಹಾಕೂಟಕ್ಕೆ, ಅಗಸ್ತ್ಯತೀರ್ಥದ ಮೇಲಿನ ಕೋಟೆಗೆ ನಡೆದು ಹೋಗಿ ಬರುವವರು ಹೆಚ್ಚುತ್ತಿರುವುದು ಬಹಳ ಸಂತೋಷದ ಸಂಗತಿ. ಆದರೆ ಅವರಲ್ಲಿ ಹಲವರು ಹೆಗಲಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿ, ಭಾರವನ್ನು ಕೈಯಿಂದಲೇ ಎತ್ತಿ ಹಿಡಿದು ನಡೆಯುವುದನ್ನು ಕಂಡಾಗ, ಇವರ ಚೀಲ ಇವರ ಬೆನ್ನಿಗೆ ಹೊಂದಿಲ್ಲ ಎಂಬುದು ತಿಳಿಯುತ್ತದೆ. ಒಂದು ಹಗಲಿನ ಅಥವಾ ಒಂದು ರಾತ್ರಿಯ ಚಾರಣಕ್ಕೆ ಕಡಿಮೆ ಬೆಲೆಯಲ್ಲಿ ಸರಿಯಾದ ಬೆನ್ನುಚೀಲವನ್ನು ಹೇಗೆ ಆರಿಸಿಕೊಳ್ಳಬೇಕು ಎಂಬುದನ್ನು ಇಂದು ತಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನನ್ನ ಮೊದಲ ಚೀಲವನ್ನು ನಾನು ಕೊಂಡದ್ದು ಅದರ ಬಣ್ಣವನ್ನೂ, ಅದಕ್ಕಿದ್ದ ಜೇಬುಗಳ ಸಂಖ್ಯೆಯನ್ನೂ ನೋಡಿ. ಬಾದಾಮಿಯಿಂದ ಗುಡ್ಡದ ಮೇಲಿನ ಕಾಲುದಾರಿ ಹಿಡಿದು ಮಹಾಕೂಟಕ್ಕೆ ಹೊರಟ ದಿನ, ದಾರಿ ಇನ್ನೂ ಅರ್ಧ ಉಳಿದಿರುವಾಗಲೇ ಅದರ ಎಡಗಡೆಯ ಹೆಗಲಪಟ್ಟಿ ಬುಡದಲ್ಲಿ ಕಿತ್ತು ಬಂತು. ಬಂಡೆಯ ನೆರಳಿನಲ್ಲಿ ಕುಳಿತು ನೋಡಿದೆ: ಪಟ್ಟಿಯನ್ನು ಚೀಲದ ಬಟ್ಟೆಗೆ ಒಂದೇ ಸಾಲಿನ ಹೊಲಿಗೆಯಿಂದ ಕೂಡಿಸಿದ್ದರು, ಹೊಲಿಗೆಯ ಹಿಂದೆ ಬಟ್ಟೆಯ ಅಂಚು ಅರ್ಧ ಬೆರಳಿನಷ್ಟೂ ಒಳಗೆ ಹೋಗಿರಲಿಲ್ಲ, ಹರಿದ ಜಾಗದಲ್ಲಿ ಎಳೆಗಳು ಜೋಳದ ತೆನೆಯ ಕುಚ್ಚಿನಂತೆ ಬಿಚ್ಚಿಕೊಂಡು, ಒಳಗಿನ ಹಳದಿ ಸ್ಪಂಜು ಹೊರಗೆ ಕಾಣುತ್ತಿತ್ತು. ಟವೆಲ್ಲಿನಿಂದ ಪಟ್ಟಿಯನ್ನು ಬಿಗಿದು ಕಟ್ಟಿ, ಒಂದೇ ಹೆಗಲಿನ ಮೇಲೆ ಭಾರ ಹೊತ್ತು ಮಹಾಕೂಟದ ಪುಷ್ಕರಿಣಿ ತಲಪುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ಅಂದಿನಿಂದ ಅಂಗಡಿಯಲ್ಲಿ ಯಾವ ಚೀಲ ಕೈಗೆ ಬಂದರೂ ನಾನು ಮೊದಲು ಮುಟ್ಟಿ ನೋಡುವುದು ಹೆಗಲಪಟ್ಟಿಯ ಬುಡವನ್ನು. ಅಲ್ಲಿ ಹೊಲಿಗೆ ಚೌಕಾಕಾರವಾಗಿ ಸುತ್ತುವರಿದು ನಡುವೆ ಅಡ್ಡಗೆರೆಗಳಿರಬೇಕು, ಅಥವಾ ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ದಪ್ಪ ಗೆರೆ ಎದ್ದು ಕಾಣಬೇಕು. ಅದು ಇಲ್ಲದ ಚೀಲ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಚೀಲ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ನಾವು ಒಯ್ಯುವ ನೀರಿನ ಲೆಕ್ಕದಲ್ಲಿ. ಬಾದಾಮಿಯ ಮರಳುಗಲ್ಲಿನ ಬಂಡೆಗಳು ಚಳಿಗಾಲದಲ್ಲಿಯೂ ಮಧ್ಯಾಹ್ನದ ಹೊತ್ತಿಗೆ ಕಾಯುತ್ತವೆ, ದಾರಿಯಲ್ಲಿ ನಂಬಬಹುದಾದ ಕುಡಿಯುವ ನೀರು ಇರುವುದಿಲ್ಲ. ಹೀಗಾಗಿ ಒಬ್ಬರು ದಿನಕ್ಕೆ ಮೂರು ಲೀಟರ್ ನೀರನ್ನಾದರೂ ಒಯ್ಯಬೇಕು, ಮೂರು ಲೀಟರ್ ನೀರೆಂದರೆ ಮೂರು ಕಿಲೋ ಭಾರ. ಅದರ ಮೇಲೆ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ ಇರುವ ಬುತ್ತಿ, ಒಂದು ಟವೆಲ್, ಬ್ಯಾಟರಿ, ಗಾಯಕ್ಕೆ ಕಟ್ಟುವ ಪಟ್ಟಿ ಮತ್ತು ಮುಲಾಮು, ತೆಳುವಾದ ಜಾಕೆಟ್ ಸೇರಿದರೆ ಒಟ್ಟು ಐದು ಕಿಲೋದ ಆಸುಪಾಸಿಗೆ ಬರುತ್ತದೆ. ಇಷ್ಟಕ್ಕೆ 20ರಿಂದ 25 ಲೀಟರ್ ಹಿಡಿಸುವ ಚೀಲ ಸಾಕು. ಒಂದು ರಾತ್ರಿ ಹೊರಗೆ ತಂಗುವುದಾದರೆ 35ರಿಂದ 40 ಲೀಟರ್ ಬೇಕಾಗುತ್ತದೆ. ಹಗಲಿನ ನಡಿಗೆಗೆ ನಮ್ಮ ದೇಹದ ತೂಕದ ಹತ್ತನೆಯ ಒಂದು ಭಾಗ, ರಾತ್ರಿ ತಂಗುವ ನಡಿಗೆಗೆ ಐದನೆಯ ಒಂದು ಭಾಗ, ಇದನ್ನು ಮೀರಿದ ಹೊರೆ ಬೇಡ ಎಂಬುದು ಚಾರಣಿಗರಲ್ಲಿ ರೂಢಿಯಲ್ಲಿರುವ ಅಳತೆ. 60 ಕಿಲೋ ತೂಗುವವರಿಗೆ ಅದು 6 ಕಿಲೋ ಮತ್ತು 12 ಕಿಲೋ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಸಾವಿರ ರೂಪಾಯಿಯೊಳಗೆ 60, 70 ಲೀಟರಿನ ಚೀಲಗಳು ಇಂದು ಸುಲಭವಾಗಿ ಸಿಗುತ್ತವೆ, ಮತ್ತು 'ಇಷ್ಟೇ ಹಣಕ್ಕೆ ಇಷ್ಟು ದೊಡ್ಡ ಚೀಲ' ಎಂಬ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ಅಷ್ಟು ದೊಡ್ಡ ಚೀಲವನ್ನು ಅಷ್ಟು ಕಡಿಮೆ ಬೆಲೆಗೆ ಮಾಡಬೇಕಾದರೆ ಬಟ್ಟೆಯಲ್ಲಿಯೋ, ಬೆನ್ನಿನ ಹಲಗೆಯಲ್ಲಿಯೋ, ಸೊಂಟದ ಪಟ್ಟಿಯಲ್ಲಿಯೋ ಎಲ್ಲಾದರೂ ಉಳಿತಾಯ ಮಾಡಿಯೇ ಇರುತ್ತಾರೆ. ಅರ್ಧ ತುಂಬಿದ ದೊಡ್ಡ ಚೀಲದಲ್ಲಿ ಸಾಮಾನೆಲ್ಲ ತಳಕ್ಕೆ ಕುಸಿದು, ಭಾರ ಬೆನ್ನಿನಿಂದ ಹಿಂದಕ್ಕೆ ಜಗ್ಗುತ್ತದೆ; ಹಾಗೆಂದು ಪೂರ್ತಿ ತುಂಬಿದರೆ ಆ ಹೊಲಿಗೆ ತಡೆಯುವುದಿಲ್ಲ. ಅದೇ ಹಣಕ್ಕೆ, ಅಥವಾ ಇನ್ನು ಕೆಲವು ನೂರು ರೂಪಾಯಿ ಸೇರಿಸಿ, ಚಿಕ್ಕದಾದ ಗಟ್ಟಿ ಚೀಲ ಕೊಳ್ಳುವುದೇ ಲಾಭ. ನನ್ನ ಅಭಿಪ್ರಾಯದಲ್ಲಿ ಹಗಲಿನ ಚಾರಣದ ಚೀಲಕ್ಕೆ ಎರಡು ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವ ಅಗತ್ಯವೇ ಇಲ್ಲ.

ಇನ್ನು ಲೀಟರಿಗಿಂತಲೂ ಮುಖ್ಯವಾದ, ಆದರೆ ಕೊಳ್ಳುವವರೂ ಮಾರುವವರೂ ಸಾಮಾನ್ಯವಾಗಿ ಕೇಳದ ಒಂದು ಅಳತೆಯಿದೆ. ಅದು ಬೆನ್ನಿನ ಉದ್ದ. ಅಂಗಿ ಹೊಲಿಸಲು ಹೋದಾಗ ಸಿಂಪಿಗರು ಟೇಪು ಹಿಡಿದು ಹೆಗಲು, ಎದೆ, ತೋಳುಗಳ ಅಳತೆ ತೆಗೆದುಕೊಳ್ಳದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಆದರೆ ಐದಾರು ಕಿಲೋ ಹೊತ್ತು ದಿನವಿಡೀ ಮೈಗೆ ಅಂಟಿಕೊಂಡಿರುವ ಚೀಲವನ್ನು ನಾವು ಅಳತೆಯಿಲ್ಲದೆ ತರುತ್ತೇವೆ. ಈ ಅಳತೆಯನ್ನು ಮನೆಯಲ್ಲಿಯೇ ತೆಗೆಯಬಹುದು. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಎಲುಬು ಉಬ್ಬಿ ಕೈಗೆ ಸಿಗುತ್ತದೆ. ಎರಡೂ ಕೈಗಳನ್ನು ಸೊಂಟದ ಎಲುಬಿನ ಮೇಲಂಚಿಗೆ ಇಟ್ಟು, ಹೆಬ್ಬೆರಳುಗಳನ್ನು ಹಿಂದಕ್ಕೆ ಚಾಚಿದರೆ ಅವು ಬೆನ್ನೆಲುಬಿನ ಮೇಲೆ ಒಂದು ಅಡ್ಡಗೆರೆಯನ್ನು ತೋರಿಸುತ್ತವೆ. ಆ ಎಲುಬಿನಿಂದ ಈ ಗೆರೆಯವರೆಗೆ ಇನ್ನೊಬ್ಬರಿಂದ ಟೇಪು ಹಿಡಿಸಿದರೆ ಬರುವುದೇ ಬೆನ್ನಿನ ಉದ್ದ. ಹೆಚ್ಚಿನ ವಯಸ್ಕರಲ್ಲಿ ಅದು 16ರಿಂದ 20 ಇಂಚಿನೊಳಗೆ ಇರುತ್ತದೆ. ಒಂದೇ ಎತ್ತರದ ಅಣ್ಣ ತಮ್ಮಂದಿರಲ್ಲಿ ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಬೆನ್ನು ಉದ್ದ ಇರಬಹುದಾದ್ದರಿಂದ, ಎತ್ತರವನ್ನು ನೋಡಿ ಚೀಲ ಆರಿಸುವುದು ಸರಿಯಲ್ಲ.

ಕಡಿಮೆ ಬೆಲೆಯ ಚೀಲಗಳಲ್ಲಿ ಬೆನ್ನಿನ ಉದ್ದವನ್ನು ಹಿಗ್ಗಿಸುವ ಕುಗ್ಗಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದಲೇ ಕೊಳ್ಳುವ ಮೊದಲು ಮೈಮೇಲೆ ಹಾಕಿ ನೋಡುವುದು ತೀರ ಅಗತ್ಯ. ಅಂಗಡಿಯಲ್ಲಿ ಹೊಸ ಚೀಲದೊಳಗೆ ಕಾಗದದ ಉಂಡೆಗಳನ್ನು ತುಂಬಿಟ್ಟಿರುತ್ತಾರೆ. ಅದನ್ನು ಬೆನ್ನಿಗೆ ಹಾಕಿದರೆ ಯಾವ ಚೀಲವಾದರೂ ಹಗುರವಾಗಿಯೇ ಇರುತ್ತದೆ. ನಾನು ನೀರು ತುಂಬಿದ ಐದು ಬಾಟಲಿಗಳನ್ನು ಕೈಚೀಲದಲ್ಲಿ ಒಯ್ದು, ಅಂಗಡಿಯವರ ಒಪ್ಪಿಗೆ ಕೇಳಿ, ಅವನ್ನು ಒಳಗಿಟ್ಟು ನೋಡುತ್ತೇನೆ. ಇದಕ್ಕೆ ಯಾರೂ ಬೇಡವೆಂದದ್ದಿಲ್ಲ. ಮೊದಲು ಎಲ್ಲ ಪಟ್ಟಿಗಳನ್ನೂ ಸಡಿಲಿಸಬೇಕು. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರದಂತೆ, ಸೊಂಟದ ಎಲುಬಿನ ಮೇಲೆ ಕೂರುವಂತೆ ಕಟ್ಟಿಕೊಂಡು, ಆಮೇಲೆ ಹೆಗಲಪಟ್ಟಿಗಳನ್ನು ಹೆಗಲಿಗೆ ಮುಟ್ಟುವವರೆಗೆ ಎಳೆದು, ಕೊನೆಗೆ ಎದೆಯ ಪಟ್ಟಿಯನ್ನು ಉಸಿರಾಟಕ್ಕೆ ತೊಡಕಾಗದಷ್ಟು ಬಿಗಿಯಬೇಕು. ಹೆಗಲಪಟ್ಟಿ ಹೆಗಲಿನ ಮೇಲೆ ಎಲ್ಲಿಯೂ ಸಂದು ಬಿಡದೆ ಬಾಗಿ ಕೂತರೆ ಚೀಲದ ಉದ್ದ ಸರಿಯಾಗಿದೆ ಎಂದರ್ಥ. ಹೆಗಲಿಗೂ ಪಟ್ಟಿಗೂ ನಡುವೆ ಕೈ ತೂರುವಷ್ಟು ಸಂದು ಉಳಿದರೆ ಅದು ನಿಮ್ಮ ಬೆನ್ನಿಗೆ ಉದ್ದವಾಯಿತು. ಸೊಂಟದ ಪಟ್ಟಿ ಹೊಕ್ಕುಳಿಗಿಂತ ಮೇಲೆ ಏರಿ ನಿಂತರೆ ಗಿಡ್ಡವಾಯಿತು. ಹಾಕಿಕೊಂಡು ಒಂದೆರಡು ನಿಮಿಷದಲ್ಲಿ ಇಳಿಸಬೇಡಿ, ಹತ್ತು ನಿಮಿಷ ಓಡಾಡಿ. ಮೆಟ್ಟಿಲಿದ್ದರೆ ಹತ್ತಿ ಇಳಿಯಿರಿ.

ಸೊಂಟದ ಪಟ್ಟಿಯ ವಿಷಯದಲ್ಲಿ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಒಂದು ಇಂಚು ಅಗಲದ ಬರಿಯ ನೈಲಾನ್ ಪಟ್ಟಿ ಚೀಲ ಅತ್ತಿತ್ತ ಓಲಾಡದಂತೆ ಹಿಡಿದಿಡುತ್ತದೆಯೇ ಹೊರತು ಭಾರವನ್ನು ಹೊರುವುದಿಲ್ಲ. ಮೆತ್ತೆಯಿರುವ, ಅಂಗೈಯಷ್ಟು ಅಗಲವಾದ ಪಟ್ಟಿ ಮಾತ್ರ ಭಾರದ ದೊಡ್ಡ ಪಾಲನ್ನು ಹೆಗಲಿನಿಂದ ಇಳಿಸಿ ಸೊಂಟಕ್ಕೂ ಅಲ್ಲಿಂದ ಕಾಲುಗಳಿಗೂ ದಾಟಿಸುತ್ತದೆ, ಅದೂ ಚೀಲದ ಬೆನ್ನಿನಲ್ಲಿ ಗಟ್ಟಿಯಾದ ಹಲಗೆ ಅಥವಾ ಸರಳು ಇದ್ದಾಗ. ಹೊಲದಿಂದ ಮೇವಿನ ಹೊರೆ ತರುವ ನಮ್ಮ ಹೆಣ್ಣುಮಕ್ಕಳು ಸಿಂಬಿಯ ಮೇಲೆ ಹೊರೆಯಿಟ್ಟು ಬೆನ್ನು ನೆಟ್ಟಗೆ ಮಾಡಿ ನಡೆಯುವುದು ಕೂಡ ಭಾರವನ್ನು ಎಲುಬುಗೂಡಿನ ಮೂಲಕ ನೇರವಾಗಿ ನೆಲಕ್ಕೆ ಇಳಿಸುವ ಉಪಾಯವೇ ಆಗಿದೆ. ಐದು ಕಿಲೋದೊಳಗಿನ ಹಗಲಿನ ಚೀಲಕ್ಕೆ ತೆಳುವಾದ ಪಟ್ಟಿ ನಡೆಯುತ್ತದೆ, ಅಲ್ಲಿ ಹಣ ಉಳಿಸಬಹುದು. ಎಂಟು ಕಿಲೋ ದಾಟುವ ರಾತ್ರಿಯ ಚೀಲದಲ್ಲಿ ಮೆತ್ತೆಯ ಪಟ್ಟಿಯನ್ನು ಬಿಟ್ಟುಕೊಡಬಾರದು. ಕಾಲೇಜಿಗೆ ಒಯ್ಯುವ ಚೀಲವನ್ನೇ ತರಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಮೂರು ನಾಲ್ಕು ಕಿಲೋದವರೆಗೆ ಧಾರಾಳವಾಗಿ ತರಬಹುದು.

ಬಟ್ಟೆಯ ಚೀಟಿಯ ಮೇಲೆ ಡೆನಿಯರ್ ಎಂಬ ಪದದ ಜೊತೆಗೆ 210, 420, 600 ಎಂಬಂಥ ಅಂಕಿಗಳಿರುತ್ತವೆ. 9000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್. ಅಂಕಿ ಹೆಚ್ಚಿದಂತೆ ನೂಲು ದಪ್ಪ. ಆದರೆ ನೈಲಾನ್ ಪಾಲಿಯೆಸ್ಟರಿಗಿಂತ ಗಟ್ಟಿಯಾದ ನೂಲಾದ್ದರಿಂದ, 420 ಡೆನಿಯರಿನ ಒಳ್ಳೆಯ ನೈಲಾನ್ ಬಟ್ಟೆ 600 ಡೆನಿಯರಿನ ಸಾಧಾರಣ ಪಾಲಿಯೆಸ್ಟರಿಗೆ ಸಾಟಿಯಾಗಿ ನಿಲ್ಲಬಲ್ಲದು. ಮರಳುಗಲ್ಲಿನ ಮೇಲೆ ಇಟ್ಟು ಎಳೆದಾಗ ಸವೆಯುವುದು ತಳವೇ ಆದ್ದರಿಂದ, ತಳದಲ್ಲಿ ಎರಡು ಪದರ ಬಟ್ಟೆಯಿರುವುದನ್ನು ನೋಡಿಕೊಂಡರೆ ಸಾಕು. ಜಿಪ್ಪಿನ ಗುಂಡಿಯ ಹಿಂಬದಿಯಲ್ಲಿ ಹಲವು ಬಾರಿ 5, 8, 10 ಎಂಬ ಅಂಕಿಯನ್ನು ಒತ್ತಿರುತ್ತಾರೆ. ಅದು ಹಲ್ಲುಗಳ ಅಗಲವನ್ನು ಸೂಚಿಸುತ್ತದೆ, ದೊಡ್ಡ ಬಾಯಿಗೆ 8 ಅಥವಾ 10 ಇರುವುದು ಒಳ್ಳೆಯದು. ಬಕಲ್ ಒಡೆದರೆ ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಹೊಸದು ಸಿಗುತ್ತದೆ, ಅದಕ್ಕೆ ಚಿಂತೆಯಿಲ್ಲ.

ಮಳೆಯ ವಿಷಯಕ್ಕೆ ಬಂದರೆ ನಮ್ಮ ಭಾಗದಲ್ಲಿ ಒಂದು ವಿಶೇಷವಿದೆ. ಬಾದಾಮಿಯ ಹತ್ತಿರ, ಪಟ್ಟದಕಲ್ಲಿನ ಪಕ್ಕದಲ್ಲಿ ಹರಿಯುವ ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಇಲ್ಲಿ ಹನಿ ಮಳೆಗೆ ಮುಗಿಲು ನೋಡುವ ಜೂನ್, ಜುಲೈ ತಿಂಗಳಲ್ಲಿ ಅಲ್ಲಿ ಬಿಡುವಿಲ್ಲದೆ ಸುರಿಯುತ್ತಿರುತ್ತದೆ. ಒಂದೇ ಚೀಲ ಈ ಎರಡೂ ಕಡೆಗೆ ಬಾಳಬೇಕಾದರೆ, 'ವಾಟರ್‌ಪ್ರೂಫ್' ಎಂದು ಚೀಟಿಯಲ್ಲಿ ಬರೆದಿರುವುದನ್ನು ನಂಬಿ ಕೂರುವಂತಿಲ್ಲ. ಬಟ್ಟೆ ನೀರು ತಡೆದರೂ ಸೂಜಿಯ ತೂತುಗಳಿಂದಲೂ ಜಿಪ್ಪಿನಿಂದಲೂ ನೀರು ಒಳಗೆ ಇಳಿಯುತ್ತದೆ. ಮೇಲೆ ಹೊದಿಸುವ ಮಳೆಹೊದಿಕೆ ಗಾಳಿಗೆ ಹಾರುತ್ತದೆ. ಅಲ್ಲದೆ ಕುತ್ತಿಗೆಯಿಂದ ಇಳಿದ ನೀರು ಬೆನ್ನಿಗೂ ಚೀಲಕ್ಕೂ ನಡುವೆ ಹರಿದು ಬರುವುದನ್ನು ಅದು ತಡೆಯಲಾರದು. ಇದಕ್ಕೆ ಅತ್ಯಂತ ಅಗ್ಗದ, ನನ್ನ ಅನುಭವದಲ್ಲಿ ಅತ್ಯಂತ ನಂಬಿಕೆಯ ಉಪಾಯವೆಂದರೆ, ಚೀಲದೊಳಗೆ ದಪ್ಪನೆಯ ದೊಡ್ಡ ಪಾಲಿಥೀನ್ ಚೀಲವೊಂದನ್ನು ಇಳಿಸಿ, ಸಾಮಾನನ್ನೆಲ್ಲ ಅದರಲ್ಲಿ ತುಂಬಿ, ಬಾಯನ್ನು ತಿರುಚಿ ಮಡಚಿ ಕಟ್ಟುವುದು. ಮನೆಯಲ್ಲಿ ಬಿದ್ದಿರುವ ರಸಗೊಬ್ಬರದ ಅಥವಾ ಬೆಳೆಗೆ ಹೊಡೆಯುವ ಔಷಧದ ಚೀಲವನ್ನು ತೊಳೆದು ಬಳಸುವ ಯೋಚನೆ ಮಾತ್ರ ಖಂಡಿತ ಬೇಡ, ಬುತ್ತಿ ಅದರಲ್ಲಿಯೇ ಇರುತ್ತದೆ.

ತುಂಬುವಾಗ ನೀರಿನಂಥ ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡು ಚೀಲದ ನಡುಭಾಗದಲ್ಲಿ ಇರಲಿ. ಹೊರಗಿನ ಬಲೆಯ ಜೇಬುಗಳು ಅನುಕೂಲವೇನೋ ಹೌದು, ಆದರೆ ಬಾದಾಮಿಯಲ್ಲಿ ಮಂಗಗಳಿವೆ. ಬಲೆಯೊಳಗೆ ಬಾಳೆಹಣ್ಣೋ ಬಿಸ್ಕತ್ತಿನ ಪೊಟ್ಟಣವೋ ಕಂಡರೆ ಅವು ಹಿಂದಿನಿಂದ ಬಂದು ಬಲೆಯನ್ನೇ ಹರಿದುಹಾಕುತ್ತವೆ. ತಿನ್ನುವ ಪದಾರ್ಥಗಳು ಒಳಗೇ ಇರಬೇಕು. ಉತ್ತರದ ಕೋಟೆಗೆ ಹತ್ತುವ ದಾರಿಯಲ್ಲಿ ಎರಡು ಎತ್ತರದ ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆಯುವಾಗ, ಪಕ್ಕಕ್ಕೆ ಉಬ್ಬಿದ ಜೇಬುಗಳು ಗೋಡೆಗೆ ಉಜ್ಜಿ ಹರಿಯುವುದನ್ನೂ ನಾನು ಕಂಡಿದ್ದೇನೆ.

ರಾತ್ರಿ ತಂಗುವವರು ಹೊದಿಕೆಯ ವಿಚಾರವನ್ನು ಚೀಲಕ್ಕಿಂತ ಮೊದಲೇ ತೀರ್ಮಾನಿಸಬೇಕು. ಅವ್ವ ಹೊಲಿದುಕೊಟ್ಟ ಕೌದಿಯಷ್ಟು ಬೆಚ್ಚಗೆ ಬೇರೆ ಯಾವುದೂ ಇರುವುದಿಲ್ಲ ಎಂಬುದು ನಿಜ, ಆದರೆ 40 ಲೀಟರಿನ ಚೀಲದಲ್ಲಿ ಕೌದಿಯೊಂದನ್ನು ಇಟ್ಟರೆ ಉಳಿದದ್ದಕ್ಕೆ ಜಾಗವೇ ಇರುವುದಿಲ್ಲ. ಸೋಲಾಪುರದ ಚಾದರ ಕೂಡ ಅರಳೆಯದ್ದು, ತೇವವಾದರೆ ಭಾರವಾಗಿ ಬೇಗ ಒಣಗುವುದಿಲ್ಲ. ಮಡಚಿದರೆ ಚಿಕ್ಕದಾಗುವ ತೆಳುವಾದ ಸ್ಲೀಪಿಂಗ್ ಬ್ಯಾಗ್ ಸಿಕ್ಕರೆ ಚೀಲದ ಗಾತ್ರವೂ ಬೆಲೆಯೂ ಇಳಿಯುತ್ತವೆ.

ಮನೆಗೆ ಮರಳಿದ ಮೇಲೆ ಜಿಪ್ಪಿನ ಹಲ್ಲುಗಳಲ್ಲಿ ಸೇರಿದ ಕೆಂಪು ಮರಳನ್ನು ಹಳೆಯ ಟೂತ್‌ಬ್ರಶ್‌ನಿಂದ ತೆಗೆಯಬೇಕು. ಚೀಲವನ್ನು ವಾಷಿಂಗ್ ಮೆಷಿನ್ನಿಗೆ ಹಾಕದೆ, ತಣ್ಣೀರಿನಲ್ಲಿ ಸ್ವಲ್ಪ ಸಾಬೂನು ಬೆರೆಸಿ ಕೈಯಿಂದ ತೊಳೆದು, ತಲೆಕೆಳಗಾಗಿ ನೆರಳಿನಲ್ಲಿ ಒಣಗಿಸಬೇಕು. ನಮ್ಮ ಕಡೆಯ ಬಿಸಿಲಿಗೆ ದಿನಗಟ್ಟಲೆ ಒಡ್ಡಿದರೆ ನೈಲಾನ್ ಜೀರ್ಣವಾಗುತ್ತದೆ. ಖಾನಾಪುರದ ಮಳೆಯಲ್ಲಿ ನೆನೆದ ಚೀಲವನ್ನು ಮಡಚಿ ಅಟ್ಟಕ್ಕೆ ಹಾಕಿದರೆ ಒಳಗಿನ ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಹಳೆಯ ಚೀಲ ಕೊಳ್ಳುವವರೂ ಒಳಗೆ ಕೈಯಾಡಿಸಿ ಈ ಅಂಟು ಇಲ್ಲವೆಂದು ನೋಡಿಕೊಳ್ಳಬೇಕು. ಮಹಾಕೂಟದ ದಾರಿಯಲ್ಲಿ ಹರಿದ ನನ್ನ ಆ ಚೀಲವನ್ನು ಬಾಗಲಕೋಟೆಯಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಮೇಣ ಸವರಿದ ದಾರದಿಂದ, ಹಿಂದೆ ಒಂದು ತುಂಡು ಚರ್ಮ ಕೊಟ್ಟು ಹೊಲಿದುಕೊಟ್ಟರು. ಬೇರೆ ಕಡೆಯ ಬಟ್ಟೆ ಸವೆದು ತೆಳುವಾದರೂ ಆ ಹೊಲಿಗೆ ಇಂದಿಗೂ ಒಂದು ಎಳೆ ಬಿಟ್ಟಿಲ್ಲ.

ನಮಸ್ಕಾರ.