ಉಬ್ಬಿಲ್ಲದ ಮಸೂರ

ನಮಸ್ಕಾರ ಕೇಳುಗರೇ. ಮಸೂರ ಅಂದ ಕೂಡಲೇ ಕಣ್ಣ ಮುಂದೆ ಏನು ಬರುತ್ತದೆ? ಭೂತಗನ್ನಡಿ. ನಡುವೆ ಉಬ್ಬು, ಅಂಚಿಗೆ ತೆಳು. ಆ ಉಬ್ಬನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಇವತ್ತು ನಾನು ಹೇಳಹೊರಟ ಮಸೂರದ ಎರಡೂ ಮುಖ ಚಪ್ಪಟೆ, ಕಿಟಕಿ ಗಾಜಿನ ಹಾಗೆ. ಬೆಳಕು ಬಾಗುವುದು ಗಾಜಿನ ಒಳಗೆ. ಇದೊಂದು ಮಾತು ನೆನಪಿರಲಿ, ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರಾಗಬೇಡಿ.

ಒಮ್ಮೆ ಕೆಟ್ಟುಹೋದ ಸ್ಕ್ಯಾನರ್ ಒಂದನ್ನು ಮೇಜಿನ ಮೇಲೆ ಬಿಚ್ಚಿ ಕೂತಿದ್ದೆ. ಮೇಲಿನ ಗಾಜು ತೆಗೆದರೆ ಒಳಗೆ ಬಹುಪಾಲು ಖಾಲಿ ಜಾಗ. ಒಂದು ಅಡ್ಡ ಪಟ್ಟಿ ಇತ್ತು, ಕಾಗದದ ಕೆಳಗೆ ಆ ತುದಿಯಿಂದ ಈ ತುದಿಗೆ ಓಡಾಡುವುದು ಅದೇ. ಪಕ್ಕದಲ್ಲಿದ್ದ ಸಹೋದ್ಯೋಗಿ, ‘ಇದರಲ್ಲಿ ಲೆನ್ಸ್ ಎಲ್ಲಿದೆ ಸಾರ್?’ ಅಂದರು. ಪಟ್ಟಿಯೊಳಗಿಂದ ಕಪ್ಪಗಿನ ಉದ್ದನೆ ತುಂಡೊಂದನ್ನು ಮೆಲ್ಲಗೆ ಎಬ್ಬಿಸಿ ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ‘ಇದು ಪ್ಲಾಸ್ಟಿಕ್ ಸ್ಕೇಲ್ ಇದ್ದ ಹಾಗಿದೆ’ ಅಂತ ವಾಪಸ್ ಕೊಡಲು ಬಂದರು. ಅಂಚನ್ನು ಬೆಳಕಿಗೆ ಹಿಡಿಯಿರಿ ಅಂದೆ. ಹಿಡಿದರು. ಉದ್ದಕ್ಕೂ ಸಾಸಿವೆಗಿಂತ ಸಣ್ಣ ಚುಕ್ಕಿಗಳು, ಒತ್ತಾಗಿ ಸಾಲುಗಟ್ಟಿ ಮಿನುಗಿದವು.

ಆಮೇಲೆ ಒಂದು ದಿನಪತ್ರಿಕೆ ಹಾಸಿ, ಅದರಿಂದ ಕೆಲವು ಮಿಲಿಮೀಟರ್ ಎತ್ತರದಲ್ಲಿ ಆ ತುಂಡನ್ನು ಹಿಡಿದು, ಪಕ್ಕದಿಂದ ಟಾರ್ಚ್ ಬಿಟ್ಟು, ಮೇಲೆ ಒಂದು ಟ್ರೇಸಿಂಗ್ ಪೇಪರ್ ಹಿಡಿದೆವು. ಮೊದಲು ಬರೀ ಮಸುಕು. ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಆಡಿಸುತ್ತಾ ಇದ್ದ ಹಾಗೆ ತಟ್ಟನೆ ಅಕ್ಷರಗಳ ಒಂದು ಸಣ್ಣ ಎಳೆ ಮೂಡಿತು. ಅಷ್ಟೇ ಗಾತ್ರ, ಅಷ್ಟೇ ನೆಟ್ಟಗೆ. ಅವರು ಬೆಪ್ಪಾಗಿ, ‘ಲೆನ್ಸ್ ಕಾಗದದ ಮೇಲೆ ಬೀಳಿಸುವ ಚಿತ್ರ ತಲೆಕೆಳಗಾಗಬೇಕಿತ್ತು ಅಲ್ವಾ?’ ಅಂದರು. ಆ ಪ್ರಶ್ನೆ ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಸ್ಕ್ಯಾನರ್ ರಿಪೇರಿ ಮಾತು ಅಲ್ಲಿಗೇ ನಿಂತುಹೋಯಿತು.

ಆ ಚುಕ್ಕಿ ಒಂದೊಂದೂ ಒಂದು ಗಾಜಿನ ಕಡ್ಡಿಯ ತುದಿ. ದಪ್ಪ ಸುಮಾರು ಒಂದು ಮಿಲಿಮೀಟರ್, ಕೆಲವಲ್ಲಿ ಅದಕ್ಕೂ ಕಡಿಮೆ. ಎ4 ಹಾಳೆಯ 210 ಮಿಲಿಮೀಟರ್ ಅಗಲಕ್ಕೆ ಎರಡು ಸಾಲು ಜೋಡಿಸಿದರೆ ನಾನೂರು ದಾಟುತ್ತದೆ. ಕಡ್ಡಿಯ ನಡುವಿನಲ್ಲಿ ಗಾಜು ಬೆಳಕನ್ನು ಜಾಸ್ತಿ ತಡೆದು ನಿಧಾನ ಮಾಡುತ್ತದೆ, ಹೊರಗೆ ಹೋದಷ್ಟೂ ಕಡಿಮೆ. ಹಾಗಾಗಿ ಬೆಳಕು ನಡುವಿನ ಕಡೆಗೇ ಬಾಗುತ್ತಾ, ಹಾವು ಹರಿದ ಹಾಗೆ ಮುಂದೆ ಹೋಗುತ್ತದೆ. ಬಿಸಿಲುಗುದುರೆ ನೋಡಿದ್ದೀರಲ್ಲ, ಕಾದ ರಸ್ತೆಯ ಮೇಲೆ ನೀರಿದ್ದ ಹಾಗೆ ಕಾಣುತ್ತದಲ್ಲ? ಅಲ್ಲಿ ಗಾಳಿ ಮಾಡುವ ಕೆಲಸವನ್ನೇ ಇಲ್ಲಿ ಗಾಜು ಮಾಡುತ್ತದೆ. ಗಾಳಿಗೆ ಉಬ್ಬು ಎಲ್ಲಿದೆ ಹೇಳಿ!

ಹೀಗೆ ಹರಿಯುವಾಗ ಕಡ್ಡಿಯ ಒಳಗೇ ಒಂದು ಸಲ ಚಿತ್ರ ತಲೆಕೆಳಗಾಗಿ ಮೂಡುತ್ತದೆ, ಹೊರಬರುವಷ್ಟರಲ್ಲಿ ಮತ್ತೊಮ್ಮೆ ತಿರುಗಿ ನೆಟ್ಟಗಾಗುತ್ತದೆ. ಕಡ್ಡಿಯ ಉದ್ದ ಅದಕ್ಕೆ ತಕ್ಕಂತೆ ಕತ್ತರಿಸಿರುತ್ತಾರೆ. ಇದು ಯಾಕೆ ಬೇಕು? ಪಕ್ಕಪಕ್ಕದ ಕಡ್ಡಿಗಳ ಚಿತ್ರ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಒಂದೊಂದು ಕಡ್ಡಿಯೂ ತನ್ನ ಪಾಲಿನ ಚಿತ್ರ ತಿರುಗಿಸಿ ಹಾಕಿದರೆ ಅಕ್ಷರವೆಲ್ಲ ಕಲಸುಮೇಲೋಗರ.

ಮಾಡುವುದು ಹೇಗೆ? ಥ್ಯಾಲಿಯಂ ಎಂಬ ಲೋಹ ಬೆರೆತ ಗಾಜಿನ ಕಡ್ಡಿಯನ್ನು ಕರಗಿಸಿದ ಪೊಟ್ಯಾಸಿಯಂ ಉಪ್ಪಿನಲ್ಲಿ ಅದ್ದಿಡುವುದು ಒಂದು ದಾರಿ. ಹೊರಗಿನ ಪದರದಿಂದ ಥ್ಯಾಲಿಯಂ ಆಚೆ ಹೋಗಿ ಪೊಟ್ಯಾಸಿಯಂ ಒಳಗೆ ಬರುತ್ತದೆ. ಈ ಅದಲುಬದಲು ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ. ಥ್ಯಾಲಿಯಂ ಉಳಿದುಕೊಂಡ ನಡುಭಾಗವೇ ಬೆಳಕನ್ನು ಜಾಸ್ತಿ ನಿಧಾನ ಮಾಡುವುದು. ಉಪ್ಪಿನಕಾಯಿಗೆ ಉಪ್ಪು ಹಿಡಿದ ಹಾಗೆ ಅಂದುಕೊಳ್ಳಿ. ಜಪಾನಿನ ನಿಪ್ಪಾನ್ ಶೀಟ್ ಗ್ಲಾಸ್ ಮತ್ತು ಎನ್‌ಇಸಿ ಕಂಪನಿಗಳು 1968ರಲ್ಲಿ ಇದನ್ನು ಸೆಲ್‌ಫಾಕ್ ಹೆಸರಲ್ಲಿ ಹೊರತಂದವು. ಅದಕ್ಕೂ ಎಷ್ಟೋ ಮೊದಲು, 1905ರ ಹೊತ್ತಿಗೇ, ಅಮೆರಿಕದ ರಾಬರ್ಟ್ ವುಡ್ ಜಿಲೆಟಿನ್‌ನಿಂದ ಚಪ್ಪಟೆ ಮಸೂರ ಮಾಡಿದ್ದರು. ಅದರ ಕಥೆಯೂ ಚೆನ್ನಾಗಿದೆ, ಆದರೆ ಆಚೆಯಿಂದ ಸಮಯ ಮುಗಿಯುತ್ತಾ ಬಂತು ಅಂತ ಕೈ ತೋರಿಸುತ್ತಿದ್ದಾರೆ. ಸ್ಕ್ಯಾನರ್ ಕಥೆಯಲ್ಲೇ ಕಳೆದುಬಿಟ್ಟೆ.

ಇನ್ನು ಲಾಭ. ಒಂದೇ ದೊಡ್ಡ ಮಸೂರ ಹಾಕಿದರೆ ಇಡೀ ಹಾಳೆಯ ಅಗಲ ಹಿಡಿಯಲು ತುಂಬಾ ದೂರ ಬೇಕು, ಕನ್ನಡಿಗಳಿಟ್ಟು ಬೆಳಕನ್ನು ಮಡಚಿ ಮಡಚಿ ತರಬೇಕು. ಕಡ್ಡಿಗಳ ಸಾಲಿಗೆ ಒಂದೆರಡು ಸೆಂಟಿಮೀಟರ್ ಸಾಕು. ಫ್ಯಾಕ್ಸ್, ಕಾಪಿ ಯಂತ್ರಗಳಲ್ಲೂ ಇದೇ ಸಾಲು ಸೇರಿಕೊಂಡಿತು. ಎಲ್‌ಇಡಿ ಪ್ರಿಂಟರ್‌ನಲ್ಲಿ ಕೆಲಸ ಉಲ್ಟಾ: ಸಾಲುದೀಪಗಳ ಬೆಳಕನ್ನು ಮಸಿ ಹಿಡಿಯುವ ಡ್ರಮ್ಮಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಇಳಿಸುತ್ತದೆ. ಅಲ್ಲೂ ಮುಖ ಚಪ್ಪಟೆ, ಬಾಗುವುದು ಒಳಗೆ.

ಒಂದು ದೂರು ಎಲ್ಲರದೂ ಇದೆ. ದಪ್ಪ ಪುಸ್ತಕ ಸ್ಕ್ಯಾನ್ ಮಾಡಿದರೆ ನಡುವಿನ ಮಡಿಕೆಯ ಹತ್ತಿರ ಅಕ್ಷರ ಮಸುಕಾಗುತ್ತದೆ, ಕಪ್ಪಾಗುತ್ತದೆ. ಯಂತ್ರ ಕೆಟ್ಟಿದೆ ಅಂತ ಸುಮ್ನೆ ಬೈಯುತ್ತಾರೆ. ಕೆಟ್ಟಿಲ್ಲ ಸ್ವಾಮಿ. ಈ ಕಡ್ಡಿಗಳಿಗೆ ಕಾಗದ ಗಾಜಿಗೆ ಅಂಟಿಕೊಂಡಿರಬೇಕು, ಸ್ವಲ್ಪ ಎದ್ದರೂ ಚಿತ್ರ ಕದಡುತ್ತದೆ. ಪುಸ್ತಕದ ಬೆನ್ನನ್ನು ಅಂಗೈಯಿಂದ ಮೆತ್ತಗೆ ಒತ್ತಿ ಹಿಡಿದು ಇನ್ನೊಂದು ಸಲ ಸ್ಕ್ಯಾನ್ ಮಾಡಿ ನೋಡಿ. ನಮಸ್ಕಾರ.